ಶಾಲೆಯ ತಗಡಿಗೆ ಸುಣ್ಣ

ಮೊದಲು ಸಿಹಿ ಸುದ್ದಿ ಕೇಳಿ. ಬನಹಟ್ಟಿಯ ನಮ್ಮ ಓಣಿಯ ತಗಡು ಹೊದಿಸಿದ ಶಾಲೆಯಲ್ಲಿ ಸೋಮವಾರ ಮಧ್ಯಾಹ್ನ ಏಳನೇ ತರಗತಿಯ ಮಕ್ಕಳು ಒಂದು ಫ್ಯಾನ್ ಬಂದ್ ಮಾಡಿದರು. ಸಾಕು, ತಂಪೈತಿ ಅಂತ!

ಎರಡರಲ್ಲಿ ಒಂದು ಫ್ಯಾನಿಗೆ ಇಷ್ಟು ಸಂಭ್ರಮವೇ ಅನ್ನಬೇಡಿ. ಅದಕ್ಕಾಗಿ ನಾನು ಎರಡು ವಾರ ನೆಟ್ಟಗೆ ಉಂಡಿಲ್ಲ.

ಆದದ್ದು ಇಷ್ಟು. ಶಾಲೆಯಲ್ಲಿ ಕರೆಂಟು ಉಳಿಸುವುದು ಹೇಗೆ ಎಂದು ಹೆಡ್‌ಮಾಸ್ತರರು ಆ ವರ್ಗದ ಮಕ್ಕಳನ್ನು ಕೇಳಿದ್ದಾರೆ. ಒಬ್ಬರು ಸೋಲಾರ್ ಅಂದರು, ಒಬ್ಬರು ಗಿಡ ಅಂದರು. ನನ್ನ ಮೊಮ್ಮಗಳು ಸಹನಾ ಎದ್ದು ನಿಂತು, "ನಮ್ಮ ಆಯಿಗೆ ತಗಡು ತಣ್ಣಗ ಮಾಡಾಕ ಬರತೈತ್ರಿ ಸರ್" ಅಂದುಬಿಟ್ಟಳು.

ನನ್ನ ತವರಿನಲ್ಲಿ ಬೇಸಿಗೆಗೆ ಮೊದಲು ಮಗ್ಗದ ಶೆಡ್ಡಿನ ತಗಡಿಗೆ ಸುಣ್ಣ ಬಳಿಯುತ್ತಿದ್ದರು. ಹಿಡಿದು ನಿಲ್ಲಲಿ ಎಂದು ನೂಲಿಗೆ ಹಾಕಿ ಉಳಿದ ಗಂಜಿ ಬೆರೆಸುತ್ತಿದ್ದರು. ಅದನ್ನು ಎಂದೋ ಅವಳಿಗೆ ಹೇಳಿದ್ದೆ. (ಬಳಿದವರು ಅಪ್ಪ. ನಾನು ಕೆಳಗೆ ನಿಂತು ಬಕೆಟ್ ಕೊಟ್ಟವಳು.)

ಹೆಡ್‌ಮಾಸ್ತರರು ಮನೆಗೇ ಬಂದರು. "ಅಮ್ಮಾರ, ಒಂದು ವರ್ಗದ ಖೋಲಿಗೆ ಹಚ್ಚಿ ನೋಡೂಣ್ರಿ. ಛಲೋ ಆದ್ರ ಎಲ್ಲಾ ಖೋಲಿಗೂ ಹಚ್ಚೂಣು."

"ಆಗದಿದ್ರ ಹೆಂಗ್ರಿ?"

"ತೊಳದ ಬಿಡೂದ್ರಿ."

ಸುಣ್ಣ ತೊಳೆಯಬಹುದು. ಇಡೀ ವರ್ಗದ ಮುಂದೆ ಹುಡುಗಿ ಆಡಿದ ಮಾತು?

ಭಾನುವಾರ ಗಂಜಿ ಕುದಿಸಿ ಸುಣ್ಣಕ್ಕೆ ಬೆರೆಸಿದೆ. ಮಗ ಬಸು ಏಣಿ ಹತ್ತಿ ಬಳಿದ. ಬುಧವಾರದ ಹೊತ್ತಿಗೆ ಸುಣ್ಣ ಒಣಗಿ, ಸುರುಳಿ ಸುತ್ತಿ ಅಂಗಳಕ್ಕೆ ಉದುರತೊಡಗಿತು. ಹುಡುಗರು ಆರಿಸಿಕೊಂಡು ಬಂದು, "ಸಹನಾ, ನಿಮ್ಮ ಆಯಿ ಹಪ್ಪಳ ಕರದು ಕಳಿಸ್ಯಾಳ, ತಗೋ" ಅಂದರಂತೆ.

ಅಂದು ಅವಳ ಊಟದ ಡಬ್ಬಿ ತುಂಬಿದ್ದು ತುಂಬಿದಂತೆಯೇ ವಾಪಸು ಬಂತು. ಡಬ್ಬಿ ನನ್ನ ಕೈಗಿಟ್ಟು ಕೇಳಿದಳು, "ಆಯಿ, ನಿನಗ ಖರೇನ ಬರತೈತಿ ಹೌದಿಲ್ಲೋ?"

ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಶಾಲೆಗೇ ಬುದ್ಧಿ ಹೇಳಲು ಹೋಗಬೇಕಿತ್ತೇ?

ಕೂತು ನೆನೆಸಿಕೊಂಡೆ. ಅಪ್ಪ ನೂಲಿನ ಗಂಜಿಗೆ ಕೊಡಗಟ್ಟಲೆ ನೀರು ಸುರಿಯುತ್ತಿದ್ದ. ನಾನು ನೂಲಿಗೆ ಬೇಕಾದಷ್ಟೇ ಗಟ್ಟಿ ಕಾಸಿದ್ದೆ! ಅಪ್ಪ ತಗಡಿನ ತುಕ್ಕನ್ನೂ ಇಟ್ಟಂಗಿ ಚೂರಿನಿಂದ ತಿಕ್ಕುತ್ತಿದ್ದ. ಅದನ್ನೂ ಮರೆತಿದ್ದೆ.

ಮುಂದಿನ ಭಾನುವಾರ ತಿಕ್ಕಿಸಿದೆ, ತೊಳೆಸಿದೆ, ನೀರು ನೀರಾಗಿ ಮೂರು ಸಲ ಬಳಿಸಿದೆ. ಕೆಳಗೆ ನಿಂತು ನೋಡಿ ನೋಡಿ ಕತ್ತು ಹಿಡಿಯಿತು. ಆಮೇಲೆ ಮಜ್ಜಿಗೆ ಕೊಡುವ ನೆಪದಲ್ಲಿ ದಿನವೂ ಶಾಲೆಗೆ ಹೋಗಿ ತಗಡು ನೋಡಿ ಬರುತ್ತಿದ್ದೆ. ಗಾಳಿ ಬೀಸಿದ ದಿನ ಎರಡು ಸಲ. ಚೂರೂ ಉದುರಲಿಲ್ಲ. ಮರುವಾರದ ಸೋಮವಾರವೇ ಈ ಫ್ಯಾನಿನ ಸುದ್ದಿ. (ಮಳೆಗಾಲದಲ್ಲಿ ಏನಾಗುತ್ತದೋ, ಆ ಚಿಂತೆ ಈಗಲೇ ಶುರುವಾಗಿದೆ.)

ಸೋಲಾರ್ ಬೇಡ ಅನ್ನುವುದಿಲ್ಲ. ಬರಲಿ. ಅದು ಬರುವವರೆಗೆ ಮಕ್ಕಳು ಬೇಯಬೇಕೇ?

ಆ ಸೋಮವಾರ ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಬಿಸಿ ರೊಟ್ಟಿ, ಜುಣಕ. ಸಹನಾ ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ಕೈ ಚಾಚಿದಳು. ಉಳಿದ ಖೋಲಿಗಳಿಗೂ ನಾನೇ ಗಂಜಿ ಕಾಸಬೇಕಂತೆ. ಮಾಸ್ತರರು ಹೇಳಿ ಕಳಿಸಿದ್ದಾರೆ.

ಬಸು ಮಾತ್ರ ತಟ್ಟೆ ನೋಡುತ್ತ ಅಂದ, "ಯವ್ವಾ, ನಾನೂ ಅದ ಸಾಲಿ ತಗಡಿನ ಕೆಳಗ ಏಳು ವರ್ಷ ಬೆಂದೇನಿ. ಆಗ ಯಾಕ ಹೇಳಲಿಲ್ಲಬೇ?"

ಆಗ ನನ್ನನ್ನು ಯಾರು ಕೇಳಿದ್ದರು?