ಬೋರ್‌ವೆಲ್ಲಿಗೆ ಆರತಿ ಎತ್ತಿದ ದಿನ

ಅದು ಎಂಬತ್ತೈದರ ಬೇಸಿಗೆ. ಜೆ.ಪಿ. ನಗರ ದಾಟಿ ಕೋಣನಕುಂಟೆಯ ಕಡೆಗೆ ಹೋಗುವಾಗ ಸಿಗುತ್ತಿದ್ದ ಒಂದು ಹೊಸ ಬಡಾವಣೆಯಲ್ಲಿ ನಾವು ಸ್ವಂತ ಮನೆ ಕಟ್ಟಿಕೊಂಡು ಆಗಷ್ಟೇ ಬಂದಿದ್ದೆವು. ಸ್ವಂತ ಮನೆ ಎಂದರೆ ಎರಡು ಕೋಣೆ, ಒಂದು ಅಡುಗೆಮನೆ, ಇನ್ನೂ ಗಾರೆ ಕಾಣದ ಹೊರಗೋಡೆ. ನಮ್ಮ ಯಜಮಾನರಿಗೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಮನೆಯಲ್ಲಿ ನಾನು, ನಮ್ಮ ಅತ್ತೆ, ಎರಡು ಸಣ್ಣ ಮಕ್ಕಳು. ಕರೆಂಟ್ ಬಂದಿತ್ತು, ರಸ್ತೆ ಅರ್ಧ ಬಂದಿತ್ತು, ನೀರು ಮಾತ್ರ ಬಂದಿರಲಿಲ್ಲ.

ದಿನ ಬಿಟ್ಟು ದಿನ ಬೆಳಿಗ್ಗೆ ಒಂದು ಟ್ಯಾಂಕರ್ ಬರುತ್ತಿತ್ತು. ಅದರ ಡ್ರೈವರ್ ಮುನಿರಾಜಣ್ಣ ತಿಲಕ್ ನಗರದವನು. ರಸ್ತೆಯ ತಿರುವಿನಲ್ಲೇ ಹಾರ್ನ್ ಹೊಡೆದು ಎಲ್ಲರನ್ನೂ ಎಬ್ಬಿಸುತ್ತಿದ್ದ. ಕೊಡ, ಬಕೆಟ್ಟು, ಹಿಟ್ಟಿನ ಡಬ್ಬ, ಏನು ಸಿಕ್ಕಿತೋ ಅದನ್ನು ಹಿಡಿದುಕೊಂಡು ಓಡುತ್ತಿದ್ದೆವು. ಜಗಳವೂ ಆಗುತ್ತಿತ್ತು, ಜುಟ್ಟು ಹಿಡಿಯುವ ತನಕವೂ ಹೋಗುತ್ತಿತ್ತು. ಆದರೂ ಆ ನೀರಿನಲ್ಲೇ ನಮ್ಮ ಬೀದಿಯ ಅಡುಗೆ, ಸ್ನಾನ, ಬಟ್ಟೆ ಎಲ್ಲವೂ ನಡೆಯುತ್ತಿತ್ತು.

ಹೀಗಿರುವಾಗ ನಮ್ಮ ಕಡೆಯ ಮೆಂಬರ್ ಒಂದು ದಿನ ಜೀಪಿನಲ್ಲಿ ಬಂದ. ಅವನ ಹೆಸರು ಬರೆಯುವುದಿಲ್ಲ. ಎಲ್ಲರೂ ಅವನನ್ನು ಮೆಂಬರಣ್ಣ ಎಂದು ಬಾಯಿ ತುಂಬ ಕರೆಯುತ್ತಿದ್ದರು. ನನಗೆ ಇವತ್ತಿಗೂ ಅವನಿಗೆ ಬಹುವಚನ ಕೊಡುವ ಮನಸ್ಸಿಲ್ಲ, ಓದುವವರು ಕ್ಷಮಿಸಬೇಕು. ಚುನಾವಣೆ ಹತ್ತಿರ ಬರುತ್ತಿತ್ತು. ಬಿಳಿ ಪ್ಯಾಂಟು, ಬಿಳಿ ಶರಟು, ಬಿಳಿ ಚಪ್ಪಲಿ. ನಮ್ಮ ಬೀದಿಯ ಕೆಂಪು ದೂಳಿನಲ್ಲಿ ಇಳಿದು ನಿಂತು, "ಅಕ್ಕಂದಿರಾ, ಇನ್ಮೇಲೆ ಟ್ಯಾಂಕರ್ ಹಿಂದೆ ಓಡೋದು ಬೇಡ. ನಿಮ್ಮ ಬೀದಿಗೆ ಬೋರ್ ಹಾಕಿಸ್ತೀನಿ" ಎಂದ. ನಾವು ಕೈ ಮುಗಿದೆವು.

ಹೇಳಿದಂತೆ ಬೋರ್ ಕೊರೆಯುವ ಲಾರಿ ಬಂತು. ಬೀದಿಯ ಕೊನೆಯ ಖಾಲಿ ಜಾಗದಲ್ಲಿ ಕೊರೆಯಲು ಶುರು ಮಾಡಿದರು. ಬೋರ್ ಕೊರೆಯುವುದನ್ನು ನೋಡಿದವರಿಗೆ ಗೊತ್ತು, ನೀರು ಸಿಕ್ಕಿದ ಕೂಡಲೇ ದೂಳು ಹೋಗಿ ಕೆಸರು ಚಿಮ್ಮುತ್ತದೆ, ಜನ ಸಿಳ್ಳೆ ಹಾಕುತ್ತಾರೆ. ನಾವು ಹೆಂಗಸರೆಲ್ಲ ಮಕ್ಕಳನ್ನು ಸೊಂಟಕ್ಕೆ ಹಾಕಿಕೊಂಡು ಸಂಜೆಯ ತನಕ ಆ ಕೆಸರಿಗಾಗಿ ಕಾದೆವು. ಬಂದದ್ದು ಬರೀ ಬಿಳಿ ಪುಡಿ. ಬಂಡೆ ಅರೆದ ಪುಡಿ. ಒಣಗಲು ಹಾಕಿದ್ದ ಬಟ್ಟೆ, ತಲೆಕೂದಲು, ಅನ್ನದ ಪಾತ್ರೆ ಎಲ್ಲದರ ಮೇಲೂ ಕೂತಿತು. ಕೊನೆಗೆ ಯಂತ್ರ ನಿಲ್ಲಿಸಿ ಪೈಪು ಮೇಲಕ್ಕೆ ಎಳೆದರು. ನಾನು ಕಂಟ್ರಾಕ್ಟರನನ್ನು, "ನೀರು ಬರಲಿಲ್ವಲ್ಲ ಸಾರ್?" ಎಂದು ಕೇಳಿದೆ.

"ಬರುತ್ತಮ್ಮ, ಕೆಲವು ಕಡೆ ನಿಧಾನಕ್ಕೆ ಊರುತ್ತೆ. ನಿಮಗೆ ಗೊತ್ತಾಗಲ್ಲ ಬಿಡಿ" ಎಂದು ಸಿಗರೇಟು ಹಚ್ಚಿದ.

ಆಮೇಲೆ ಕೈಪಂಪು ಕೂರಿಸಿದರು. ಅದರ ಪಕ್ಕ ಮೆಂಬರನ ಹೆಸರು ಕೆತ್ತಿದ ಕಲ್ಲು ಬಂತು. ಉದ್ಘಾಟನೆಗೆ ಒಂದು ಭಾನುವಾರ ಗೊತ್ತಾಯಿತು. ಗಂಗೆಯ ಪೂಜೆ ಹೆಂಗಸರ ಕೈಯಿಂದಲೇ ಆಗಬೇಕು ಎಂದು ಮೆಂಬರನ ಕಡೆಯವರು ಮನೆಮನೆಗೆ ಬಂದು ಹೇಳಿ ಹೋದರು. ಅಂದು ಬೆಳಿಗ್ಗೆ ಟ್ಯಾಂಕರ್ ಬರುವ ದಿನ, ಆದರೆ ಬರಲಿಲ್ಲ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಇನ್ನು ಟ್ಯಾಂಕರ್ ಯಾಕೆ, ನಮ್ಮದೇ ಗಂಗೆ ಬರುತ್ತಾಳಲ್ಲ!

ಶಾಮಿಯಾನ ಹಾಕಿದ್ದರು, ಮೈಕು ಕಟ್ಟಿದ್ದರು. ನಾವು ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಕೈಪಂಪಿಗೆ ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಆರತಿ ಎತ್ತಿದೆವು. ನನಗೆ ಸ್ವಲ್ಪ ಹಾಡಲು ಬರುತ್ತದೆ ಎಂದು ನನ್ನನ್ನೇ ಮುಂದೆ ನಿಲ್ಲಿಸಿದರು. ಮೆಂಬರ್ ಪಂಪಿನ ಹಿಡಿ ಒತ್ತಿದ. ಒಂದೆರಡು ಸಲ ಗೊರಗೊರ ಎಂದಿತು, ಆಮೇಲೆ ನೀರು ಧಾರಾಳವಾಗಿ ಸುರಿಯಿತು. ಅಯ್ಯೋ, ಆ ಸಂತೋಷವನ್ನು ಏನೆಂದು ಹೇಳಲಿ! ನನಗೆ ಅಳುವೇ ಬಂತು. ಮೊದಲ ಕೊಡ ನಾನೇ ತುಂಬಿಸಿದೆ. ಒಬ್ಬ ಫೋಟೋಗ್ರಾಫರ್, "ಅಕ್ಕಾ, ಈ ಕಡೆ ನೋಡಿ, ನಗಿ" ಎಂದ. ನಗು ಎಂದು ಹೇಳುವ ಅಗತ್ಯವೇ ಇರಲಿಲ್ಲ.

ಮನೆಗೆ ಬಂದು ಆ ನೀರಿನಲ್ಲೇ ಬೇಳೆ ಬೇಯಲು ಇಟ್ಟೆ. ಅನ್ನಕ್ಕೆ ಅಕ್ಕಿ ತೊಳೆದು ಬರುವಷ್ಟರಲ್ಲಿ ಅತ್ತೆ ಒಲೆಯ ಮುಂದೆ ನಿಂತು ಸೌಟಿನಲ್ಲಿ ಬೇಳೆ ಎತ್ತಿ ಎತ್ತಿ ನೋಡುತ್ತಿದ್ದರು. ಅವರ ಮುಖ ಸರಿ ಇರಲಿಲ್ಲ.

"ಇದು ಎಲ್ಲಿಯ ನೀರೇ?"

"ನಮ್ಮ ಬೋರಿಂದು ಅತ್ತೆ. ಈಗ ತಾನೇ ತಂದೆ."

"ಬೋರ್ ನೀರಲ್ಲಿ ಬೇಳೆ ಹಿಂಗೆ ಬೆಣ್ಣೆ ಥರ ಬೇಯುತ್ತಾ? ಫ್ಲೋರ್ ಮಿಲ್ಲಿನವರ ಬೋರ್ ನೀರು ತಂದಾಗ ಮಧ್ಯಾಹ್ನದವರೆಗೂ ಕುದಿಸಿದ್ರೂ ಕಲ್ಲಾಗೇ ಇತ್ತಲ್ಲ. ಇದು ಭೂಮಿ ನೀರಲ್ಲ ಕಣೆ. ಟ್ಯಾಂಕರ್ ನೀರು."

ನಮ್ಮ ಕಡೆ ನೆಲದ ನೀರೆಲ್ಲ ಗಡಸು. ಬಾವಿಯದಾಗಲಿ ಬೋರಿನದಾಗಲಿ, ಸೋಪು ನೊರೆ ಬರುವುದಿಲ್ಲ, ಬೇಳೆ ಬೇಯುವುದಿಲ್ಲ. ಟ್ಯಾಂಕರಿನಲ್ಲಿ ಬರುತ್ತಿದ್ದುದು ಹೊಳೆಯ ನೀರು, ಮೆದು. ಇದು ನಮ್ಮ ಬೀದಿಯ ಯಾವ ಹೆಂಗಸಿಗಾದರೂ ಗೊತ್ತಿದ್ದ ಸಂಗತಿ. ಆದರೂ ನಾನು ಅತ್ತೆಯ ಮೇಲೆ ರೇಗಿದೆ. "ನಿಮಗೆ ಎಲ್ಲದರಲ್ಲೂ ಅನುಮಾನ" ಎಂದೆ. ಸಂಜೆ ಇನ್ನೊಂದು ಕೊಡಕ್ಕೆ ಹೋದರೆ ಪಂಪಿನ ಮುಂದೆ ಹೆಂಗಸರು ಸುಮ್ಮನೆ ನಿಂತಿದ್ದರು. ಹಿಡಿ ಒತ್ತಿದರೆ ಬರೀ ಗಾಳಿ. ಮಾರನೆಯ ದಿನವೂ ಗಾಳಿ. ಆಮೇಲೆ ಆ ಪಂಪಿನಿಂದ ಒಂದು ತೊಟ್ಟು ನೀರೂ ಬರಲಿಲ್ಲ. ಇನ್ನೂ ಕೆಟ್ಟದ್ದೆಂದರೆ, ಟ್ಯಾಂಕರೂ ಬರಲಿಲ್ಲ.

ಒಂದು ವಾರ ಕಾದು ನಾವು ಕೆಲವರು ನೀರಿನ ಆಫೀಸಿಗೆ ಹೋದೆವು. ಅಲ್ಲಿಯ ಸಾಹೇಬರು ಫ್ಯಾನಿನ ಕೆಳಗೆ ಕೂತು, "ನಿಮ್ಮ ಬೀದಿಗೆ ಬೋರ್ ಆಗಿದೆಯಲ್ಲಮ್ಮ, ಮತ್ತೆ ಟ್ಯಾಂಕರ್ ಯಾಕೆ? ಬೋರ್ ಇಲ್ಲದ ಕಡೆ ಕಳಿಸ್ತಿದೀವಿ" ಎಂದರು.

"ಅದರಲ್ಲಿ ನೀರಿಲ್ಲ ಸಾರ್."

ಅವರು ಮೇಜಿನ ಗಾಜಿನ ಕೆಳಗಿಂದ ಪತ್ರಿಕೆಯ ಒಂದು ತುಂಡನ್ನು ಎಳೆದು ನನ್ನ ಮುಂದೆ ಇಟ್ಟರು. "ಇದು ನೀವೇ ತಾನೇ?"

ನಾನೇ. ಹೂ ಮುಡಿದುಕೊಂಡು, ತುಂಬಿದ ಕೊಡ ಹಿಡಿದು, ಹಲ್ಲು ಕಾಣುವಂತೆ ನಗುತ್ತಿದ್ದೆ. ಪಕ್ಕದಲ್ಲಿ ಮೆಂಬರ್. ನೀರು ಬಂದಿಲ್ಲ ಎಂದು ಹೇಳಲು ಹೋದವಳ ಎದುರು ನೀರು ಬಂದದ್ದಕ್ಕೆ ಸಾಕ್ಷಿಯಾಗಿ ನನ್ನ ಮುಖವನ್ನೇ ಇಟ್ಟಿದ್ದರು. ಆ ಕ್ಷಣ ಮೈಯೆಲ್ಲ ಉರಿದುಹೋಯಿತು.

ಟ್ಯಾಂಕರ್ ನಿಂತ ಮೇಲೆ ಕನಕಪುರ ರಸ್ತೆಯ ಆಚೆಗಿದ್ದ ಒಂದು ತೋಟದ ಬಾವಿಯೇ ಗತಿಯಾಯಿತು. ತೋಟದವರು ಒಳ್ಳೆಯವರು, ಬೇಡ ಎನ್ನಲಿಲ್ಲ. ಆದರೆ ಲಾರಿಗಳು ಓಡಾಡುವ ರಸ್ತೆ ದಾಟಿ, ಮೆಟ್ಟಿಲು ಇಳಿದು ನೀರು ತರಬೇಕು. ಚಿಕ್ಕ ಮಗನಿಗೆ ಜ್ವರ ಬಂದು ನಾನು ಡಾಕ್ಟರ ಹತ್ತಿರ ಹೋಗಿದ್ದ ದಿನ ಅತ್ತೆ ತಾವೇ ಕೊಡ ತೆಗೆದುಕೊಂಡು ಹೋದರು. ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈ ಮುರಿಯಿತು. ಮೂಳೆ ಕೂರಿಸಿ ಹಿಟ್ಟಿನ ಕಟ್ಟು ಹಾಕಿದ ಮೇಲೆ ಅವರಿಗೆ ತಮ್ಮ ಕೈಯಿಂದ ತಾವೇ ಊಟ ಮಾಡಲು ಆಗುತ್ತಿರಲಿಲ್ಲ. ನಾನು ತುತ್ತು ಕೊಡುವಾಗ, "ನಾನು ಅವತ್ತೇ ಹೇಳಲಿಲ್ವಾ?" ಎಂದು ಒಂದು ದಿನವೂ ಅನ್ನಲಿಲ್ಲ. ಅಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮುನಿರಾಜಣ್ಣನ ಟ್ಯಾಂಕರ್ ನಮ್ಮ ಬೀದಿಯ ಮುಂದೆಯೇ ಹಾದು ಮುಂದಿನ ಬಡಾವಣೆಗೆ ಹೋಗುತ್ತಿತ್ತು. ಒಂದು ಬೆಳಿಗ್ಗೆ ನಾನು ರಸ್ತೆಯ ನಡುವೆ ನಿಂತುಬಿಟ್ಟೆ. ಬ್ರೇಕ್ ಹಾಕಿ, "ಏನಕ್ಕಾ, ಸಾಯೋಕೆ ನನ್ನ ಗಾಡಿನೇ ಬೇಕಾ?" ಎಂದು ಬೈದ. ನಾನು ಹತ್ತಿರ ಹೋಗಿ ಕೇಳಿದೆ.

"ಮುನಿರಾಜಣ್ಣ, ನಿಜ ಹೇಳು. ಉದ್ಘಾಟನೆ ದಿನ ನಮ್ಮ ಟ್ಯಾಂಕರ್ ಎಲ್ಲಿಗೆ ಹೋಗಿತ್ತು?"

ಅವನು ಸ್ಟೇರಿಂಗ್ ನೋಡುತ್ತಾ ಕೂತ. ಹಿಂದೆ ಒಂದು ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅತ್ತೆಯ ಕೈ ಮುರಿದದ್ದನ್ನು ಹೇಳಿದೆ. ಆಗ ಬಾಯಿ ಬಿಟ್ಟ.

"ನಿಮ್ಮ ಬೀದಿಗೇ ಬಂದಿತ್ತಕ್ಕಾ. ಬೆಳಕು ಹರಿಯೋ ಮುಂಚೆ ಕಂಟ್ರಾಕ್ಟರ್ ಕರೆಸಿದ್ರು. ಪೈಪ್ ಬಿಟ್ಟು ಬೋರ್ ತುಂಬೋವರೆಗೂ ತುಂಬಿಸಿದ್ವಿ. ಮಿಕ್ಕಿದ್ದು ಮೆಂಬರ್ ಮನೆ ನೀರಿನ ಸಂಪ್‌ಗೆ ಬಿಟ್ವಿ. ನೀರು ಸಿಗಲಿಲ್ಲ ಅಂತ ಬರೆದ್ರೆ ಪಂಪು, ಪೈಪು, ಕೂರಿಸಿದ್ದು ಯಾವುದಕ್ಕೂ ಬಿಲ್ ಆಗಲ್ವಂತೆ. ಅದರಲ್ಲಿ ಎಲ್ರಿಗೂ ಪಾಲು. ಅಕ್ಕಾ, ನಾನು ಹೇಳ್ದೆ ಅಂತ ಎಲ್ಲೂ ಅನ್ಬೇಡಿ. ನನ್ನ ಕೆಲಸ ಹೋಗುತ್ತೆ."

ಅಂದರೆ ನಾವು ಆರತಿ ಎತ್ತಿದ್ದು ನಮ್ಮ ಟ್ಯಾಂಕರ್ ನೀರಿಗೆ! ನಮಗೆ ಬರಬೇಕಾಗಿದ್ದ ನೀರನ್ನೇ ನೆಲದ ತೂತಿಗೆ ಸುರಿದು, ಅದನ್ನೇ ಮೇಲೆತ್ತಿ, ದಾನ ಮಾಡಿದವರ ಹಾಗೆ ನಮ್ಮ ಕೊಡಕ್ಕೆ ಹಾಕಿ, ನಮ್ಮಿಂದಲೇ ಚಪ್ಪಾಳೆ ಹೊಡೆಸಿಕೊಂಡಿದ್ದರು. ಕಳ್ಳನಾದರೂ ಕದ್ದುಕೊಂಡು ಹೋಗುತ್ತಾನೆ, ಕುಂಕುಮ ಇಡಿ ಎಂದು ಮನೆಯವರನ್ನು ಕೇಳುವುದಿಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಮುನಿರಾಜಣ್ಣನಿಗೆ ಮಾತು ಕೊಟ್ಟೆ. ಆ ಮಾತನ್ನು ನಮ್ಮ ಯಜಮಾನರ ಹತ್ತಿರವೂ ಮುರಿಯಲಿಲ್ಲ.

ಸ್ವಲ್ಪ ದಿನಕ್ಕೆ ಮೆಂಬರ್ ನಮ್ಮ ರಸ್ತೆಯ ತಿರುವಿನಲ್ಲಿ ಬಸ್ ಸ್ಟಾಪಿಗೆ ಗುದ್ದಲಿ ಪೂಜೆ ಮಾಡಲು ಬಂದ. ನಾವು ಬೀದಿಯ ಹೆಂಗಸರೆಲ್ಲ ಖಾಲಿ ಕೊಡ ಹಿಡಿದುಕೊಂಡು ಹೋಗಿ ಸುತ್ತ ನಿಂತೆವು. ಅವನು ನಗುತ್ತಲೇ, "ಏನು ತಾಯಂದಿರಾ, ಎಲ್ಲ ಸೌಖ್ಯನಾ?" ಎಂದ.

"ಬನ್ನಿ ಸಾರ್, ಆ ಪಂಪಿನಲ್ಲಿ ಒಂದು ಕೊಡ ತುಂಬಿಸಿಕೊಡಿ" ಎಂದೆ.

ಜನ ನೋಡುತ್ತಿದ್ದರು, ಇಲ್ಲ ಎನ್ನುವ ಹಾಗಿರಲಿಲ್ಲ. ಬಂದು ಒತ್ತಿದ. ಒತ್ತಿದ, ಒತ್ತಿದ, ಬೆನ್ನಿನ ಮೇಲೆ ಬಿಳಿ ಶರಟು ಅಂಟಿಕೊಂಡಿತು. ಗಾಳಿ ಬಂತು. "ವಾಷರ್ ಹೋಗಿರ್ಬೇಕು, ರಿಪೇರಿ ಮಾಡಿಸ್ತೀನಿ. ಅವತ್ತು ಚೆನ್ನಾಗಿ ಬಂತಲ್ಲ, ನೀವೇ ನೋಡಿದ್ರಲ್ಲ?" ಎಂದ.

"ನೋಡಿದ್ವಿ ಸಾರ್. ಅವತ್ತಿನ ನೀರಲ್ಲಿ ಬೇಳೆ ಹಾಕಿದ ತಕ್ಷಣ ಬೆಂದುಹೋಯ್ತು. ಈ ನೆಲದ ನೀರಲ್ಲಿ ಬೇಳೆ ಬೇಯಲ್ಲ. ಅದು ಟ್ಯಾಂಕರ್ ನೀರು!"

ಅವನ ಹಿಂದೆ ನಿಂತಿದ್ದ ಗಂಡಸರಿಗೆ ಏನೂ ಅರ್ಥವಾಗಲಿಲ್ಲ, ಮುಖ ಮುಖ ನೋಡಿಕೊಂಡರು. ಹೆಂಗಸರಿಗೆ ಮಾತ್ರ ಒಂದೇ ಕ್ಷಣದಲ್ಲಿ ಎಲ್ಲ ತಿಳಿಯಿತು. "ಹೌದು ಕಣೆ, ನಮ್ಮನೇಲೂ ಬೆಂತು!" "ನಮ್ಮನೇಲೂ!" ಎಂದು ಕೂಗು ಎದ್ದಿತು.

ಮೆಂಬರ್ ನನ್ನ ಹತ್ತಿರ ಬಂದು ದನಿ ಇಳಿಸಿದ. "ನೋಡಮ್ಮ, ಗಲಾಟೆ ಯಾಕೆ? ನಿಮ್ಮ ಮನೆಗೆ ದಿನಾ ಒಂದು ಡ್ರಮ್ ನೀರು ಬರೋ ಹಾಗೆ ಮಾಡ್ತೀನಿ. ನಾಳೆಯಿಂದಾನೇ."

ಇಷ್ಟು ಹೊತ್ತು ತಡೆದುಕೊಂಡಿದ್ದೆ, ಆಗ ಮಾತ್ರ ಆಗಲಿಲ್ಲ. ಬೀದಿಗೆಲ್ಲ ಕೇಳುವಂತೆ ಕಿರುಚಿದೆ. "ಕೇಳ್ರಿ ಎಲ್ರೂ! ನನ್ನೊಬ್ಬಳ ಮನೆಗೆ ನೀರು ಕಳಿಸ್ತಾರಂತೆ, ಬಾಯಿ ಮುಚ್ಚಿಕೊಂಡಿರೋಕೆ! ಥೂ!" ಕೊಡವನ್ನು ಅವನ ಬಿಳಿ ಚಪ್ಪಲಿಯ ಮುಂದೆ ಕುಕ್ಕಿದೆ. ಅವನು ಜೀಪು ಹತ್ತಿದ. ಗುದ್ದಲಿ ಪೂಜೆ ಆಗಲಿಲ್ಲ.

ಮೂರ್ನಾಲ್ಕು ದಿನದಲ್ಲಿ ಟ್ಯಾಂಕರ್ ಮತ್ತೆ ಬಂತು. ಬೀದಿಯವರಿಗೆಲ್ಲ ಖುಷಿ. ಪಕ್ಕದ ಮನೆಯವರು, "ಅಂತೂ ಕೆಲಸ ಆಯ್ತಲ್ಲ ಸರೋಜಮ್ಮ, ಇನ್ನು ಬಿಟ್ಟಾಕಿ. ದುಡ್ಡು ತಿಂದ್ರೂ ಕೇಳಿದ್ರೆ ಕೆಲಸ ಮಾಡಿಕೊಡ್ತಾನೆ" ಎಂದರು. ಆಮೇಲೆ ಚುನಾವಣೆಯಲ್ಲಿ ಬೀದಿಯವರು ಅವನಿಗೇ ಓಟು ಹಾಕಿದರು, ಅವನು ಗೆದ್ದ. ಬಂಡೆಯ ನೆಲದಲ್ಲಿ ನೀರು ಸಿಗದಿರುವುದು ಯಾರ ತಪ್ಪೂ ಅಲ್ಲ. "ಪ್ರಯತ್ನ ಮಾಡಿದ್ವಿ, ಸಿಗಲಿಲ್ಲ" ಎಂದು ಒಂದು ಮಾತು ಹೇಳಿದ್ದರೆ ನಾವೇ ಕೂರಿಸಿ ಕಾಫಿ ಕೊಡುತ್ತಿದ್ದೆವು. ಆ ಒಂದು ಮಾತಿನಲ್ಲಿ ಅವರಿಗೆ ಲಾಭವಿರಲಿಲ್ಲ.

ಆದರೆ ಟ್ಯಾಂಕರ್ ಓಡಿಸಿಕೊಂಡು ಬಂದವನು ಬೇರೆ ಯಾರೋ. ಕೇಳಿದರೆ, "ಮುನಿರಾಜನ್ನ ತೆಗೆದುಬಿಟ್ರು" ಎಂದ. ನಾನು ಅವನ ಹೆಸರನ್ನು ಎತ್ತಿರಲಿಲ್ಲ. ಆದರೂ ಟ್ಯಾಂಕರ್ ನೀರು ಎಂಬ ಮಾತು ಬಂದ ಮೇಲೆ ಅವನನ್ನು ಬಿಟ್ಟು ಇನ್ಯಾರ ಮೇಲೆ ಅನುಮಾನ ಬರುತ್ತದೆ? ಹುಡುಕಿಕೊಂಡು ತಿಲಕ್ ನಗರಕ್ಕೆ ಹೋದೆ. ಒಂದು ಇಟ್ಟಿಗೆ ಲಾರಿಯಿಂದ ಇಟ್ಟಿಗೆ ಇಳಿಸುತ್ತಿದ್ದ. ಡ್ರೈವರ್ ಕೆಲಸ ಯಾರೂ ಕೊಡುತ್ತಿರಲಿಲ್ಲವಂತೆ. ನಾನು ಹತ್ತಿರ ಹೋದೆ. ಅವನೇ ಕೈಯ ಪುಡಿ ಕೊಡವಿಕೊಂಡು, "ಅಜ್ಜಿ ಕೈ ಸರಿಯಾಯ್ತಾ ಅಕ್ಕಾ?" ಎಂದು ಕೇಳಿದ. ನಾನು ಅತ್ತುಬಿಟ್ಟೆ. "ಬಿಡಿ ಅಕ್ಕಾ. ನೀವು ಕೇಳಿದ್ರಿ, ನಾನು ಹೇಳ್ದೆ. ಅಷ್ಟೇ ತಾನೇ?" ಎಂದ.

ಮೆಂಬರ್, ಕಂಟ್ರಾಕ್ಟರ್, ಸಾಹೇಬರು, ಇವರಲ್ಲಿ ಒಬ್ಬರ ಕೂದಲೂ ಕೊಂಕಲಿಲ್ಲ. ಕೇಳಿದ್ದಕ್ಕೆ ನಿಜ ಹೇಳಿದವನು ಒಬ್ಬನೇ, ಕೆಲಸ ಕಳೆದುಕೊಂಡವನೂ ಅವನೊಬ್ಬನೇ. ಅವನಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಅವನ ಪಾಲಿನ ಸಿಟ್ಟನ್ನೂ ಸೇರಿಸಿ ಇಷ್ಟು ವರ್ಷ ನಾನೇ ಇಟ್ಟುಕೊಂಡಿದ್ದೇನೆ. ಅದು ಇನ್ನೂ ಆರಿಲ್ಲ, ಆರುವುದು ನನಗೆ ಬೇಕಾಗಿಯೂ ಇಲ್ಲ.