ಸೆಲುವಾಯಾಳ ಉಗ್ರಾಣ

ಸೆಲುವಾಯಾಳನ್ನು ನಾನು ಮೊದಲು ಕಂಡದ್ದು ಟೋಂಗಾದ ನಮ್ಮ ಫಂಗಲೂಪೆ ಶಾಲೆಯ ಜಗಲಿಯ ಮೇಲೆ, ಉತ್ತರಪತ್ರಿಕೆ ಹಂಚಿದ ದಿನ. ಹತ್ತು ವರ್ಷದ ಹುಡುಗಿ. ನಮ್ಮಲ್ಲಿಯ ರೂಢಿಯಂತೆ ಉಡುಪಿನ ಮೇಲೆ ಸೊಂಟಕ್ಕೆ ಸುತ್ತಿದ ಚಾಪೆ ಒಂದು ಕಡೆಗೆ ಜಾರಿತ್ತು. ಕಾಗದವನ್ನು ನನ್ನ ಮೂಗಿನ ಮುಂದೆ ಹಿಡಿದು ನಿಂತಳು.

“ಮೇಷ್ಟ್ರೇ, ಏಳನೇ ಲೆಕ್ಕ ಸರಿ ಇದೆ. ನೀವೇ ತಪ್ಪು ಹಾಕಿದೀರಿ.”

ನೋಡಿದೆ. ಸರಿಯಾಗಿಯೇ ಇತ್ತು. ತಿದ್ದಿಕೊಟ್ಟೆ. “ಮಿಕ್ಕವರದ್ದೂ ಒಂದ್ಸಲ ನೋಡ್ಬಿಡಿ” ಎಂದು ಹೇಳಿ ಹೊರಟುಹೋದಳು.

ಮುಂದೆ ಫಿಜಿಯ ಸುವಾ ನಗರದಲ್ಲಿ ಕಂಪ್ಯೂಟರ್ ಓದಿ ಬಂದು ನಮ್ಮೂರಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು. ಆಸ್ಪತ್ರೆಗೂ ಸುತ್ತಲಿನ ಆರು ದ್ವೀಪಗಳ ಚಿಕಿತ್ಸಾಲಯಗಳಿಗೂ ಬೇಕಾದ ಸಾಫ್ಟ್‌ವೇರ್ ನೋಡಿಕೊಳ್ಳುವುದು ಅವಳ ಹೊಣೆ. ಒಂದು ಸಾಫ್ಟ್‌ವೇರ್ ಓಡಲು ಬೇಕಾದ ಸಕಲ ಸಾಮಾನನ್ನೂ ಈಗ ಒಂದೇ ಗಂಟಾಗಿ ಕಟ್ಟಿಡುತ್ತಾರೆ. ಅದಕ್ಕೆ ಇಮೇಜ್ ಎಂದು ಹೆಸರು. ಎಲ್ಲರೂ ಅದನ್ನು ಹೊರದೇಶದ ಉಗ್ರಾಣಗಳಿಂದ ಸಮುದ್ರದ ತಳದ ಕೇಬಲ್ ಮೂಲಕ ಇಳಿಸಿಕೊಳ್ಳುತ್ತಾರೆ. ಸೆಲುವಾಯಾ ಮಾತ್ರ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ನಮ್ಮದೇ ಒಂದು ಉಗ್ರಾಣವನ್ನು ಕಟ್ಟಿದಳು. ರಿಜಿಸ್ಟ್ರಿ ಎಂದು ಕರೆಯುತ್ತಿದ್ದಳು. ನೋಡಲು ಅದು ಅಕ್ಕಿಯ ಡಬ್ಬಿಯಷ್ಟು ದೊಡ್ಡ ಕಪ್ಪು ಯಂತ್ರ, ಅಷ್ಟೆ.

ಮೊದಲ ವರ್ಷವೇ ಎಡವಿದಳು. ಪ್ರತಿಯೊಂದು ಇಮೇಜ್ ಪದರಗಳ ಮೇಲೆ ಪದರ ಸೇರಿ ಆಗಿರುತ್ತದೆ. ಹಲವು ಇಮೇಜುಗಳಿಗೆ ತಳದ ಪದರ ಒಂದೇ ಆಗಿರುವುದುಂಟು. ಯಂತ್ರದಲ್ಲಿ ಜಾಗ ಸಾಲದಾದಾಗ ಅವಳು ತಾರೀಖು ನೋಡಿ, ಎಲ್ಲಕ್ಕಿಂತ ಹಳೆಯ ಪದರವನ್ನು ಅಳಿಸಿಬಿಟ್ಟಳು. ಅದರ ಮೇಲೆ ನಿಂತಿದ್ದ ಹನ್ನೊಂದು ಸಾಫ್ಟ್‌ವೇರುಗಳನ್ನು ಮತ್ತೆ ಓಡಿಸಲು ಆಗಲಿಲ್ಲ. ಪದರ ಹೊರದೇಶದಿಂದ ಮರಳಿ ಬರುವವರೆಗೆ ಎರಡು ದಿನ ದಾದಿಯರು ಎಲ್ಲವನ್ನೂ ಕೈಯಲ್ಲೇ ಬರೆದರು.

ಪದರ ಅಳಿಸಿದ ದಿನ ಸಂಜೆ ನಾನು ಅವಳ ಮನೆಯಲ್ಲಿದ್ದೆ. ಬೇಯಿಸಿಟ್ಟ ಗೆಣಸನ್ನು ಮುಟ್ಟದೆ ಸೆಲುವಾಯಾ ಕುಳಿತಿದ್ದಳು. ತಾಯಿ ಹೇಮಾಲೋಟೊ ಬಿಡಬೇಕಲ್ಲ.

“ಅಲ್ವೇ, ನಮ್ಮನೇಲಿ ಎಲ್ಲಕ್ಕಿಂತ ಹಳೇ ಚಾಪೆ ಯಾವ್ದು?”

“ಮುತ್ತಜ್ಜೀದು.”

“ಅದು ಹಳೇದು ಅಂತ ಹಂದಿ ಕೊಟ್ಟಿಗೆಗೆ ಹಾಸಿದೀವಾ? ಸಾವಾಗ್ಲಿ ಮದ್ವೆ ಆಗ್ಲಿ, ಅದು ಬಂದ್ಮೇಲೆ ತಾನೆ ಮಿಕ್ಕ ಚಾಪೆಗಳಿಗೆ ಬೆಲೆ? ಸುವಾದಲ್ಲಿ ಅದೇನ್ ಓದಿದ್ಯೋ, ಮಹಾರಾಯ್ತಿ!”

“ಅಮ್ಮಾ, ಅದು ಚಾಪೆ, ಇದು ಕಂಪ್ಯೂಟರು.”

“ನಂಗೇನೂ ವ್ಯತ್ಯಾಸ ಕಾಣಲ್ಲ. ಗೆಣಸು ತಿನ್ನು.”

ಮಾರನೆಯ ದಿನದಿಂದ ಸೆಲುವಾಯಾ ಯಾವುದನ್ನೂ ಅಳಿಸಲಿಲ್ಲ; ಜಾಗ ಸಾಲದಾದರೆ ಯಂತ್ರಕ್ಕೆ ಇನ್ನೊಂದು ಡಿಸ್ಕ್ ಸೇರಿಸುತ್ತಿದ್ದಳು. ತಾಯಿ ತಾನು ಮರದ ತೊಗಟೆ ಬಡಿದು ಮಾಡುವ ಬಟ್ಟೆಯ ಅಂಚಿನಲ್ಲಿ ಅಂಕಿಗಳನ್ನು ಬರೆಯುವಂತೆ ಪ್ರತಿ ಸಾಫ್ಟ್‌ವೇರಿಗೂ ಒಂದರಿಂದ ಶುರುಮಾಡಿ, ಅದರ ಒಂದೊಂದು ಆವೃತ್ತಿಯ ಇಮೇಜಿಗೂ ಒಂದೊಂದು ಅಂಕಿ ಕೊಟ್ಟಳು. ಒಮ್ಮೆ ಕೊಟ್ಟ ಅಂಕಿ ಅದರ ಇನ್ನೊಂದು ಆವೃತ್ತಿಗೆ ಇಲ್ಲ.

ಆರು ವರ್ಷ ಹೀಗೆ ನಡೆಯಿತು. ಕಳೆದ ವರ್ಷ ರಾಜಧಾನಿಯಿಂದ ಲಿಸಿಯಾಟೆ ಎಂಬ ಮೇಲಧಿಕಾರಿ ಬಂದರು. ಕೋಣೆಯೊಳಗೆ ಇಣುಕಿ, “ಇದ್ಯಾಕಮ್ಮ ಈ ಹಳೇ ಸಾಮಾನು? ಎಲ್ಲಾ ನೆಟ್ಟಲ್ಲೇ ಸಿಗತ್ತೆ. ತಿಂಗಳ ಕೊನೆಗೆ ಮುಚ್ಚಿಬಿಡು” ಎಂದು ಹೇಳಿ ಆಜ್ಞೆಯನ್ನೂ ಬರೆದುಕೊಟ್ಟರು. ಸೆಲುವಾಯಾ ಎಷ್ಟು ವಾದಿಸಿದರೂ ಅವರು ಕೇಳಲಿಲ್ಲ. ಅಂದು ಅವಳು ನನ್ನ ಬಳಿ ಬಂದು, “ಮೇಷ್ಟ್ರೇ, ಅದನ್ನ ನನ್ನ ಕೈಯಾರೆ ಆರಿಸಬೇಕಂತೆ” ಎಂದಳು.

ತಿಂಗಳು ಮುಗಿಯಲು ನಾಲ್ಕು ದಿನವಿತ್ತು. ಮಂಗಳವಾರ ಬೆಳಿಗ್ಗೆ, ಮೇಲಿನವರ ಅಪ್ಪಣೆಯಂತೆ, ರೋಗಿಗಳ ದಾಖಲೆಯ ಸಾಫ್ಟ್‌ವೇರಿನ ಹೊಸ ಆವೃತ್ತಿಯನ್ನು ಏಳೂ ಕಡೆ ಹಾಕಿದ್ದಳು. ಮಧ್ಯಾಹ್ನ ಯಾವುದೋ ಹಡಗಿನ ಲಂಗರು ಸಿಕ್ಕಿ ಕೇಬಲ್ ಹರಿಯಿತು. ಹೊಸ ಆವೃತ್ತಿ ತೆರೆಯಲೇ ಇಲ್ಲ. ಪ್ರತಿ ಸಲವೂ ಅದು ಹೊರದೇಶದ ತನ್ನ ಒಡೆಯರನ್ನು ಕೇಳಿಯೇ ತೆರೆಯುವಂಥದು. ಯಾರಿಗೆ ಯಾವ ಔಷಧ ಒಗ್ಗುವುದಿಲ್ಲ ಎಂಬುದೆಲ್ಲ ಆಸ್ಪತ್ರೆಯ ಯಂತ್ರದಲ್ಲೇ ಇದ್ದರೂ ತೆರೆದು ನೋಡುವಂತಿರಲಿಲ್ಲ. ವೈದ್ಯೆ ಓಡಿಬಂದರು.

“ಸೆಲು, ಹಳೇದು ಸಿಗತ್ತಾ?”

“ಎಷ್ಟು ಹಳೇದು ಬೇಕು, ಡಾಕ್ಟ್ರೇ?”

“ತಮಾಷೆ ಮಾಡ್ಬೇಡ ಕಣೆ!”

“ತಮಾಷೆ ಅಲ್ಲ. ಇದರದ್ದೇ ಒಂದರಿಂದ ಇವತ್ತು ಹಾಕಿದ ನಲವತ್ತೆರಡರ ತನಕ ಇದೆ. ನಲವತ್ತೊಂದು ಯಾರ ಅಪ್ಪಣೇನೂ ಕೇಳಲ್ಲ.”

ದ್ವೀಪಗಳ ನಡುವಿನ ರೇಡಿಯೊ ಸಂಪರ್ಕಕ್ಕೆ ಏನೂ ಆಗಿರಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಏಳೂ ಕಡೆ ನಲವತ್ತೊಂದನೆಯದು ಓಡತೊಡಗಿತು. ಕೇಬಲ್ ಸರಿಯಾಗಲು ಹತ್ತೊಂಬತ್ತು ದಿನ ಹಿಡಿಯಿತು. ಒಬ್ಬ ರೋಗಿಯ ದಾಖಲೆಯೂ ಮುಚ್ಚಿ ಕೂರಲಿಲ್ಲ. ನನ್ನ ಸಕ್ಕರೆ ಕಾಯಿಲೆಯದೂ ಅದರಲ್ಲಿತ್ತು.

ಕೇಬಲ್ ಹರಿದ ಆ ವಾರದ ಕೊನೆಗೇ ಲಿಸಿಯಾಟೆಯವರು ವಿಮಾನದಲ್ಲಿ ಬಂದು, ಚಪ್ಪಲಿ ಕಳಚಿ ಆ ಕೋಣೆಯೊಳಗೆ ಹೋದರು.

“ಇದನ್ನ ಮುಚ್ಚು ಅಂದ ಕತ್ತೆ ಯಾರು?”

“ತಾವೇ, ಸ್ವಾಮಿ.”

ಅವರು ಗಟ್ಟಿಯಾಗಿ ನಕ್ಕರು. ಮುಚ್ಚುವ ಆಜ್ಞೆಯ ಕಾಗದವನ್ನು ಅಲ್ಲಿಯೇ ನಿಂತು ಹರಿದರು. ಐವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಎದೆಯುಬ್ಬುವಂಥ ದಿನಗಳು ಕೆಲವು ಬಂದಿವೆ. ಅವುಗಳಲ್ಲಿ ಅದು ಒಂದು.

ಈಗ ಸೆಲುವಾಯಾ ಊರಿನಲ್ಲಿಲ್ಲ. ಉತ್ತರದ ದ್ವೀಪದಲ್ಲಿ ಎರಡನೆಯ ಉಗ್ರಾಣ ಕಟ್ಟುತ್ತಿದ್ದಾಳೆ. ಉಪ್ಪುಗಾಳಿ ನುಗ್ಗದಂತೆ ಕಿಟಕಿಯ ಸಂದುಗಳನ್ನು ಮುಚ್ಚಿಯಾಗಿದೆ. ಇಮೇಜುಗಳನ್ನು ಒಂದೊಂದಾಗಿ ನಕಲು ಮಾಡುತ್ತಿದ್ದಾಳೆ. ಮೊನ್ನೆ ಫೋನಿನಲ್ಲಿ ಕೇಳಿದಾಗ ಎಲ್ಲ ಸಾಫ್ಟ್‌ವೇರುಗಳದೂ ಸೇರಿ ಇನ್ನೂ ಎಪ್ಪತ್ತು ಉಳಿದಿವೆ ಎಂದಳು.