ಸರದಿ ನೋಡುವ ಗುಂಡಿ

ನಮ್ಮ ಚಿಕ್ಕಮ್ಮ ಕಣ್ಣಾಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಕೈಪಿಡಿ ಬರೆಯುತ್ತಾಳೆ. ಇಪ್ಪತ್ತೆರಡು ವರ್ಷವಾಯಿತು. ಬರೆದದ್ದನ್ನು ಯಾರೂ ಓದುವುದಿಲ್ಲ ಎನ್ನುವುದು ಅವಳ ಹಳೆಯ ಗೋಳು. ಓದಿದರೂ ಎಂಥ ಅನಾಹುತವಾಗುತ್ತದೆ ಎನ್ನುವುದು ಈ ವರ್ಷ ಗೊತ್ತಾಯಿತು.

ಅಲ್ಲಿನ ಡೇಟಾಬೇಸಿನಲ್ಲಿ ಮೊದಲೇ ಬರೆದಿಟ್ಟ ಆಜ್ಞೆಗಳು ಎರಡು ಬಗೆ. ಫಂಕ್ಷನ್ ಕೇಳಿದ್ದಕ್ಕೆ ಉತ್ತರ ಕೊಟ್ಟು ಸುಮ್ಮನಾಗುತ್ತದೆ, ಏನನ್ನೂ ಮುಟ್ಟುವುದಿಲ್ಲ. ಪ್ರೊಸೀಜರ್ ಹಾಗಲ್ಲ; ಉತ್ತರದ ಜೊತೆಗೆ, ಆಪರೇಷನ್‌ಗೆ ಕಾಯುವವರ ಪಟ್ಟಿಯನ್ನೇ ಬದಲಿಸಿಬಿಡುತ್ತದೆ. ಹಳೆಯ ಕೈಪಿಡಿಯಲ್ಲಿ ಯಾರೋ ಪುಣ್ಯಾತ್ಮ, ಎರಡೂ ಸರದಿ ಸಂಖ್ಯೆ ಕೊಡುತ್ತವೆ, ಯಾವುದನ್ನಾದರೂ ಬಳಸಬಹುದು ಎಂದು ಬರೆದಿಟ್ಟಿದ್ದ. ಚಿಕ್ಕಮ್ಮ ಅದನ್ನು ತಿದ್ದಿ ಮೂರು ಸಲ ವಿಭಾಗದ ಮುಖ್ಯಸ್ಥನಿಗೆ ಕಳಿಸಿದಳು. ಮೂರು ಸಲವೂ ಅವನು ಕೆಂಪು ಗೆರೆ ಎಳೆದು ಸಹಿ ಹಾಕಿ ಹಿಂದಿರುಗಿಸಿದ. ಇಷ್ಟೆಲ್ಲ ವಿವರಣೆ ಓದುವವರಿಗೆ ತಲೆನೋವಂತೆ. ಅವನಿಗೆ ಆ ನೋವು ಬರಲು ಮೊದಲು ತಲೆ ಇರಬೇಕಿತ್ತು.

ಹೊಸದಾಗಿ ಬಂದ ಪ್ರೋಗ್ರಾಮರ್ ಹಳೆಯ ಸಾಲನ್ನೇ ನಂಬಿ, ಕೌಂಟರಿನ 'ಸರದಿ ನೋಡಿ' ಗುಂಡಿಗೆ ಪ್ರೊಸೀಜರನ್ನು ಜೋಡಿಸಿದ. ಗುಂಡಿ ಒತ್ತಿದರೆ ಸಂಖ್ಯೆ ಕಾಣುತ್ತಿತ್ತು ನಿಜ. ಜೊತೆಗೆ, ರೋಗಿಯನ್ನು ಆಪರೇಷನ್‌ಗೆ ಕರೆದಾಯಿತೆಂದು ಗುರುತೂ ಬೀಳುತ್ತಿತ್ತು. ಸಂಜೆಯೊಳಗೆ ರೋಗಿ ಒಳಗೆ ಹೋಗದಿದ್ದರೆ ಹೆಸರು ಪಟ್ಟಿಯ ಕೊನೆಗೆ. ಮನೆಯಲ್ಲಿ ಕೂತವರು ಮುಂದೆ ಹೋದರು, ಬಂದು ವಿಚಾರಿಸಿದವರು ಹಿಂದೆ ಬಿದ್ದರು.

ಒಬ್ಬ ಬಡಗಿಯಜ್ಜ ಪ್ರತಿ ಸೋಮವಾರ ಬಂದು ವಿಚಾರಿಸುತ್ತಿದ್ದ. ಎರಡೂ ಕಣ್ಣಿನಲ್ಲಿ ಒತ್ತಡ ಏರುತ್ತಿತ್ತು, ಹಲಗೆಯ ಮೇಲೆ ತಾನೇ ಎಳೆದ ಗೆರೆ ಅವನಿಗೆ ಕಾಣುತ್ತಿರಲಿಲ್ಲ. ಕೌಂಟರಿನ ಹೆಂಗಸು ಬೇಸರಪಡದೆ ಪ್ರತಿ ಸಲವೂ ಗುಂಡಿ ಒತ್ತಿ ನೋಡುತ್ತಿದ್ದಳು. ಸಂಖ್ಯೆ ಹಿಂದಕ್ಕೇ ಹೋಗುತ್ತಿದೆ ಎಂದು ಮೇಲಿನವರಿಗೆ ದೂರಿದಳು. ತುರ್ತಿನವರು ಮುಂದೆ ಬಂದಿರುತ್ತಾರೆ, ನಿನ್ನ ಕೆಲಸ ನೋಡು ಎಂದರು. ಹೀಗೆ ಹನ್ನೊಂದು ವಾರ ಕಳೆಯಿತು.

ಹನ್ನೆರಡನೆಯ ವಾರ ಆಕೆ ಚಿಕ್ಕಮ್ಮನ ಮುಂದೆ ಬಂದು ನಿಂತಳು. ಅರ್ಧ ಗಂಟೆಯಲ್ಲಿ ತಪ್ಪು ಸಿಕ್ಕಿತು. ಮರುದಿನವೇ ಅಜ್ಜನಿಗೆ ಆಪರೇಷನ್ ಆಯಿತು. ಬಲಗಣ್ಣು ಉಳಿಯಿತು, ಎಡಗಣ್ಣು ಹೋಯಿತು.

ಮುಖ್ಯಸ್ಥ ಎಲ್ಲವನ್ನೂ ಕೌಂಟರಿನವಳ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲು ವರದಿ ತಯಾರಿಸಿ, ಚಿಕ್ಕಮ್ಮನ ಸಹಿ ಕೇಳಿದ. ಅವಳು ವೈದ್ಯರೆಲ್ಲರ ಎದುರೇ ಅವನೇ ಹಿಂದಿರುಗಿಸಿದ್ದ ಮೂರು ಹಾಳೆಗಳನ್ನು ಮೇಜಿನ ಮೇಲೆ ಹರಡಿದಳು.

"ಅವಳು ಬರೀ ನೋಡಿದ್ಳು. ನೋಡಿದ್ರೆ ಏನಾಗತ್ತೆ ಅಂತ ನಾನು ಮೂರು ಸಲ ಬರೆದಿದ್ದೆ. ಈ ಕೆಂಪು ಗೆರೆ ಯಾರದು ಹೇಳಿ."

ಕೌಂಟರಿನವಳ ಕೆಲಸ ಉಳಿಯಿತು. ಮುಖ್ಯಸ್ಥನಿಗೂ ಏನೂ ಆಗಲಿಲ್ಲ. ಬೇರೆ ವಿಭಾಗ, ಇನ್ನೂ ದೊಡ್ಡ ಕೋಣೆ. ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಮುಂದಿನ ಸೋಮವಾರ ಅಜ್ಜ ಪಟ್ಟಿ ಕಟ್ಟಿದ ಕಣ್ಣಿನಲ್ಲೇ ಕೌಂಟರಿಗೆ ಬಂದ. ಚಿಕ್ಕಮ್ಮ ಅಲ್ಲೇ ಇದ್ದಳು.

"ಬೇರೆ ಯಾರೂ ನನ್ನ ಕಡೆ ತಿರುಗಿ ನೋಡ್ಲಿಲ್ಲಮ್ಮ," ಎಂದು ಅವನು ಕೌಂಟರಿನವಳಿಗೆ ಕೈಮುಗಿದ. "ನೀನೊಬ್ಳೇ ವಾರವಾರ ನನ್ನ ಹೆಸ್ರು ನೋಡ್ತಿದ್ದೆ."

ಆಕೆ ಮುಖ ಮುಚ್ಚಿಕೊಂಡಳು. ಅಜ್ಜನಿಗೆ ನಿಜವನ್ನು ಯಾರೂ ಹೇಳಿರಲಿಲ್ಲ. ಚಿಕ್ಕಮ್ಮ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ಕೂತು, ಮೊದಲಿನಿಂದ ಬಿಡಿಸಿ ಹೇಳತೊಡಗಿದಳು.